ಹದಿಹರೆಯದ ಹೆಣ್ಣುಮಕ್ಕಳಲ್ಲಿ ವಿಟಮಿನ್ ಡಿ ಕೊರತೆ

ಹದಿಹರೆಯದ ಹೆಣ್ಣುಮಕ್ಕಳಲ್ಲಿ ವಿಟಮಿನ್ ಡಿ ಕೊರತೆಯು ಮೂಳೆಗಳ ಬೆಳವಣಿಗೆಗೆ ಅಡ್ಡಿಯಾಗುವ ಒಂದು ಪೋಷಣಾ ಸಮಸ್ಯೆ. ಬಿಸಿಲು ಹೇರಳವಾಗಿರುವ ಭಾರತದಲ್ಲಿಯೂ ಇದು ವ್ಯಾಪಕವಾಗಿದೆ. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದ 10ರಿಂದ 19 ವರ್ಷದವರಲ್ಲಿ ಶೇ. 24ರಷ್ಟು ಮಂದಿಗೆ ಈ ಕೊರತೆಯಿತ್ತು. ಹುಡುಗರಿಗಿಂತ ಹುಡುಗಿಯರಲ್ಲಿ ಇದರ ಪ್ರಮಾಣ ಹೆಚ್ಚು.

ದೇಹದಲ್ಲಿ ಕಾರ್ಯ

ಸೂರ್ಯನ ನೇರಳಾತೀತ-ಬಿ ಕಿರಣಗಳು ತಾಗಿದಾಗ ಚರ್ಮದಲ್ಲಿ ವಿಟಮಿನ್ ಡಿ ಉತ್ಪತ್ತಿಯಾಗುತ್ತದೆ. ಇದು ಯಕೃತ್ತಿನಲ್ಲಿ ಮತ್ತು ಬಳಿಕ ಮೂತ್ರಪಿಂಡದಲ್ಲಿ ರೂಪಾಂತರ ಹೊಂದಿ ಹಾರ್ಮೋನಾಗಿ ಕೆಲಸ ಮಾಡುತ್ತದೆ. ಕರುಳು ಆಹಾರದಿಂದ ಕ್ಯಾಲ್ಸಿಯಂ ಮತ್ತು ರಂಜಕವನ್ನು ಹೀರಿಕೊಳ್ಳಲು ಇದು ಅಗತ್ಯ. ಇದು ಸಾಲದಾದಾಗ ಪ್ಯಾರಾಥೈರಾಯ್ಡ್ ಹಾರ್ಮೋನು ಹೆಚ್ಚಿ, ಮೂಳೆಗಳಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ. ಹುಡುಗಿಯರ ಗರಿಷ್ಠ ಮೂಳೆ ರಾಶಿಯ ಸುಮಾರು ಶೇ. 90ರಷ್ಟು 18ನೆಯ ವಯಸ್ಸಿನೊಳಗೆ ರೂಪುಗೊಳ್ಳುವುದರಿಂದ ಈ ಅವಧಿಯ ಕೊರತೆಯನ್ನು ಮುಂದೆ ಪೂರ್ಣವಾಗಿ ತುಂಬಿಕೊಳ್ಳುವುದು ಕಷ್ಟ.

ಬೆಂಗಳೂರಿನ ಸನ್ನಿವೇಶ

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಇಲ್ಲಿ ವರ್ಷದ ಎಲ್ಲ ತಿಂಗಳುಗಳಲ್ಲಿಯೂ ನಡುಹಗಲಿನ ಬಿಸಿಲಿನಲ್ಲಿ ನೇರಳಾತೀತ-ಬಿ ಕಿರಣಗಳು ದೊರೆಯುತ್ತವೆ. ಆದರೆ ಸುಬ್ರಹ್ಮಣ್ಯಪುರ, ಬನಶಂಕರಿ, ಜಯನಗರದಂತಹ ಬಡಾವಣೆಗಳ ವಿದ್ಯಾರ್ಥಿನಿಯರು ಆ ಹೊತ್ತಿನಲ್ಲಿ ಸಾಮಾನ್ಯವಾಗಿ ತರಗತಿಯೊಳಗಿರುತ್ತಾರೆ. ಎಳೆಬಿಸಿಲಿನಲ್ಲಿ ಈ ಕಿರಣಗಳು ಅತ್ಯಲ್ಪ. ಕಿಟಕಿಯ ಗಾಜು ಅವುಗಳನ್ನು ಬಹುಪಾಲು ತಡೆಯುತ್ತದೆ. ಮೈಮುಚ್ಚುವ ಉಡುಪು, ವಾಯುಮಾಲಿನ್ಯ ಮತ್ತು ಚರ್ಮದಲ್ಲಿನ ಮೆಲನಿನ್ ಕೂಡ ಉತ್ಪತ್ತಿಯನ್ನು ಕುಗ್ಗಿಸುತ್ತವೆ.

ಚಯಾಪಚಯದೊಂದಿಗೆ ಸಂಬಂಧ

ಸ್ಥೂಲಕಾಯ, ಇನ್ಸುಲಿನ್ ಪ್ರತಿರೋಧ ಮತ್ತು ಪಿಸಿಓಎಸ್ ಎಂದು ಪರಿಚಿತವಾದ ಅಂಡಾಶಯದ ತೊಂದರೆ ಇರುವವರಲ್ಲಿ ವಿಟಮಿನ್ ಡಿ ಮಟ್ಟ ಕಡಿಮೆಯಿರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಇದರಿಂದ ಕೊರತೆಯೇ ಈ ತೊಂದರೆಗಳಿಗೆ ಕಾರಣವೆಂದು ಸಿದ್ಧವಾಗುವುದಿಲ್ಲ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವುದರಿಂದ, ಮೈಯಲ್ಲಿ ಕೊಬ್ಬು ಹೆಚ್ಚಿದಾಗಲೂ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಮಧುಮೇಹದ ಅಪಾಯವಿದ್ದ 2,423 ವಯಸ್ಕರಿಗೆ ಸಂಬಂಧಿಸಿದಂತೆ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 4,000 ಐ.ಯು. ವಿಟಮಿನ್ ಡಿ ಸೇವನೆಯು ಮಧುಮೇಹವನ್ನು ಗಣನೀಯವಾಗಿ ತಡೆಯಲಿಲ್ಲ.

ಆಹಾರ ಮತ್ತು ತಡೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ದಿನಕ್ಕೆ 600 ಐ.ಯು. ಪ್ರಮಾಣವನ್ನು ಶಿಫಾರಸು ಮಾಡಿತು. ಕೊಬ್ಬಿನಂಶವುಳ್ಳ ಮೀನು ಮತ್ತು ಮೊಟ್ಟೆಯ ಹಳದಿ ಇದರ ನೈಸರ್ಗಿಕ ಮೂಲಗಳು. ವಿಟಮಿನ್ ಎ ಮತ್ತು ಡಿ ಸೇರಿಸಿದ ಹಾಲು, ಅಡುಗೆ ಎಣ್ಣೆಗಳ ಪೊಟ್ಟಣಗಳ ಮೇಲೆ '+ಎಫ್' ಚಿಹ್ನೆ ಇರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ನೀಡುವ ನೀಲಿ ಮಾತ್ರೆಯಲ್ಲಿರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ ಮಾತ್ರ.

ಎಚ್ಚರಿಕೆ

ವೈದ್ಯರು ಕೊರತೆಗೆ ವಾರಕ್ಕೊಮ್ಮೆ 60,000 ಐ.ಯು. ಔಷಧವನ್ನು ನಿಗದಿತ ಅವಧಿಗೆ ಬರೆದುಕೊಡುವುದುಂಟು. ಅದನ್ನು ಸಲಹೆಯಿಲ್ಲದೆ ಪ್ರತಿದಿನ ಅಥವಾ ಬಹುಕಾಲ ಸೇವಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ವಾಂತಿ, ಅತಿಯಾದ ಬಾಯಾರಿಕೆ ಮತ್ತು ಮೂತ್ರಪಿಂಡಕ್ಕೆ ಹಾನಿ ಉಂಟಾಗಬಹುದು. ಮುಟ್ಟಿನ ಏರುಪೇರು ಅಥವಾ ತೂಕದ ಹೆಚ್ಚಳಕ್ಕೆ ಬೇರೆ ಕಾರಣಗಳೂ ಇರುವುದರಿಂದ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ.