ಪತ್ರಾವಲಂಬನವೂ ವಾಕ್ಯಾರ್ಥವೂ

ಹಿಂದೆ ಕಡೂರು ಜಿಲ್ಲೆಯೆಂದು ಹೆಸರಾಗಿದ್ದ ಸೀಮೆಯ ಮೂಡಣ ಬಯಲಿನಲ್ಲಿ ಶಿವನಿಯೂ ಪಡುವಣ ಮಲೆನಾಡಿನಲ್ಲಿ ಶೃಂಗೇರಿಯೂ ಇವೆ. ಶಿವನಿಯ ವಿದ್ಯಾರ್ಥಿಯು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಹೋಗಿ, ತಾನು ಶೋಧಿಸಿದುದನ್ನು ಬರೆದು ಸಭೆಯಲ್ಲಿ ಓದಿದರೆ ಅದಕ್ಕೆ ಪ್ರಬಂಧಮಂಡನೆಯೆಂದು ಹೆಸರು. ಶೃಂಗೇರಿಯಲ್ಲಿ ಭಾದ್ರಪದ ಶುದ್ಧ ಚತುರ್ಥಿಯಂದು ತೊಡಗುವ ಗಣಪತಿ ವಾಕ್ಯಾರ್ಥಸಭೆಯಲ್ಲಿ ಶಾಸ್ತ್ರವನ್ನೋದಿದವನು ಮಾಡುವುದಕ್ಕೆ ವಾಕ್ಯಾರ್ಥವೆಂದು ಹೆಸರು. ಮೊದಲನೆಯದು ಪಾಶ್ಚಾತ್ಯರಿಂದ ಬಂದುದು, ಎರಡನೆಯದು ನಮ್ಮದು ಎಂದು ಹೇಳುವುದುಂಟು. ಬರೆದು ಸಭೆಯ ಮುಂದಿಡುವ ಪದ್ಧತಿಯೂ ಈ ನಾಡಿಗೆ ಹೊಸದಲ್ಲವೆಂಬುದಕ್ಕೆ ಆಧಾರವಿರುವುದರಿಂದ ಈ ಮಾತು ವಿಚಾರಣೀಯವಾಗಿದೆ.

ಶ್ರವಣಬೆಳಗೊಳದ ಮಲ್ಲಿಷೇಣಪ್ರಶಸ್ತಿಯು ಕ್ರಿ.ಶ. 1129ರದು. ಅದರಲ್ಲಿ ಸಮಂತಭದ್ರನು ಪಾಟಲಿಪುತ್ರ, ಮಾಳವ, ಕಾಂಚಿ ಮೊದಲಾದೆಡೆಗಳಲ್ಲಿ ವಾದಭೇರಿಯನ್ನು ಹೊಡೆದು ಕರಹಾಟಕಕ್ಕೆ ಬಂದನೆಂದಿದೆ. ವಿಮಲಚಂದ್ರನಾದರೋ ಭೇರಿಯನ್ನು ಹೊಡೆಯಲಿಲ್ಲ. ಶತ್ರುಭಯಂಕರನೆಂಬ ಅರಸನ ಅರಮನೆಯ ಬಾಗಿಲಲ್ಲಿ ಶೈವ, ಪಾಶುಪತ, ಬೌದ್ಧಾದಿಗಳನ್ನು ವಾದಕ್ಕೆ ಕರೆಯುವ ಪತ್ರವೊಂದನ್ನು ತೂಗಹಾಕಿದನು. ಈ ಪ್ರಶಸ್ತಿಯು ಆ ಹಿರಿಯ ಆಚಾರ್ಯರಿಗೆ ಎಷ್ಟೋ ಈಚಿನದು, ಗೆದ್ದವರ ಕಡೆಯವರು ಬರೆಯಿಸಿದುದು. ಸೋತವರು ಶಾಸನ ಹಾಕಿಸುವ ರೂಢಿಯಿಲ್ಲವಷ್ಟೆ. ಆದುದರಿಂದ ಗೆಲವಿನ ಕಥೆಗಳನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಆದರೆ 12ನೆಯ ಶತಮಾನದ ಕನ್ನಡನಾಡಿನ ಓದುಗನಿಗೆ ಪತ್ರಾವಲಂಬನವು ಪರಿಚಿತವಾಗಿತ್ತೆಂಬುದು ನಿಶ್ಚಯ.

ಈ ಪತ್ರದ ಲಕ್ಷಣವನ್ನೇ ವಿಚಾರಿಸುವ ಗ್ರಂಥವುಂಟು. ವಿದ್ಯಾನಂದನ ಪತ್ರಪರೀಕ್ಷೆಯ ಮೇರೆಗೆ, ಪತ್ರವೆಂದರೆ ಬರಿಯ ಓಲೆಯಲ್ಲ. ಪ್ರಸಿದ್ಧವಾದ ಅನುಮಾನಾವಯವಗಳುಳ್ಳ, ತನ್ನ ಇಷ್ಟಾರ್ಥವನ್ನು ಸಾಧಿಸುವ, ವ್ಯಾಕರಣಶುದ್ಧವಾದರೂ ಗೂಢವಾದ ಪದಗಳಿಂದ ಕೂಡಿದ ವಾಕ್ಯ. ಪ್ರಭಾಚಂದ್ರನೂ ಪ್ರಮೇಯಕಮಲಮಾರ್ತಂಡದಲ್ಲಿ ಇದನ್ನು ಚರ್ಚಿಸಿದ್ದಾನೆ. ಪ್ರತಿವಾದಿಯು ಮೊದಲು ಪದಗಳ ಗಂಟನ್ನು ಬಿಡಿಸಬೇಕು, ಆಮೇಲೆ ಉತ್ತರ ಹೇಳಬೇಕು. ಇಂದಿನ ಪ್ರಬಂಧಕ್ಕೂ ಇದಕ್ಕೂ ಇರುವ ಭೇದವು ಇಲ್ಲಿಯೇ. ಪ್ರಬಂಧವು ಆಧಾರಗಳನ್ನು ಬಿಚ್ಚಿಡುತ್ತದೆ, ಪತ್ರವು ಮುಚ್ಚಿಡುತ್ತದೆ. ಹೆಸರಿನ ಸಾಮ್ಯದಿಂದ ಎರಡನ್ನೂ ಒಂದೆಂದು ಸಾಧಿಸುವುದು ದುಸ್ಸಾಹಸ.

ಗೌತಮನ ನ್ಯಾಯಸೂತ್ರಗಳ ದೃಷ್ಟಿಯಿಂದಲೂ ಪತ್ರದ ವಿಷಯದಲ್ಲಿ ಒಂದು ಶಂಕೆಗೆ ಎಡೆಯುಂಟು. ಅಲ್ಲಿ ಹೇಳಿದ 22 ನಿಗ್ರಹಸ್ಥಾನಗಳಲ್ಲಿ ಅವಿಜ್ಞಾತಾರ್ಥವೂ ಒಂದು: ಮೂರು ಸಲ ಹೇಳಿದರೂ ಸಭೆಗೂ ಪ್ರತಿವಾದಿಗೂ ಅರ್ಥವಾಗದಿದ್ದರೆ ಹೇಳಿದವನೇ ಸೋತಂತೆ. ಗೂಢಪದಗಳ ಪತ್ರವು ಈ ದೋಷದ ಅಂಚಿನಲ್ಲಿಯೇ ನಡೆಯುತ್ತದೆ. ಪದಗಳು ಗೂಢವಾದರೂ ಸಾಧುವಾಗಿರಬೇಕೆಂಬ ನಿಯಮವು ಬಹುಶಃ ಈ ಶಂಕೆಗೆ ಸಮಾಧಾನವಾಗಿಯೇ ಹುಟ್ಟಿರಬೇಕು.

ಇವರೆಲ್ಲರೂ ಸಿದ್ಧವಿದ್ವಾಂಸರು. ವಿದ್ಯಾರ್ಥಿಗಳ ಸಂಗತಿಯನ್ನು ಶಾಸನಗಳು ಹೇಳುವುದು ಸ್ವಲ್ಪವೇ. 5ನೆಯ ಶತಮಾನದ ತಾಳಗುಂದದ ಸ್ತಂಭಶಾಸನದಲ್ಲಿ ಮಯೂರಶರ್ಮನು ಗುರು ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ಹೋದನೆಂದಿದೆ. ಪಲ್ಲವರ ಕುದುರೆಸವಾರರೊಡನೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿಯನ್ನು ಹಿಡಿದುದರಿಂದ ಆತನು ಅಲ್ಲಿ ಏನನ್ನು ಪ್ರತಿಪಾದಿಸುತ್ತಿದ್ದನೋ ಇತಿಹಾಸಕ್ಕೆ ತಿಳಿಯದೆ ಹೋಯಿತು. 1058ರ ನಾಗಾವಿಯ ಶಾಸನದಲ್ಲಿ ಘಟಿಕೆಯ ವೇದವಿದ್ಯಾರ್ಥಿಗಳಿಗೂ ಶಾಸ್ತ್ರವಿದ್ಯಾರ್ಥಿಗಳಿಗೂ ವೃತ್ತಿಯನ್ನು ಬಿಟ್ಟಿರುವುದಲ್ಲದೆ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಹೇಳಿದೆ. ಪುಸ್ತಕಗಳನ್ನು ಕಾಯುವುದಕ್ಕೆ ಆರು ಮಂದಿ ಬೇಕಾದಲ್ಲಿ ಓದು ಬರಿಯ ಬಾಯಿಪಾಠವಾಗಿರಲಾರದು.

ವಾಕ್ಯಾರ್ಥಕ್ಕೆ ಸಿದ್ಧನಾಗುವ ವಿದ್ಯಾರ್ಥಿಯು ಗ್ರಂಥದ ಒಂದು ಪಂಕ್ತಿಯನ್ನು ಹಿಡಿದು ಗುರುವಿನ ಬಳಿ ಚಿಂತನೆ ಮಾಡುತ್ತಾನೆ. ಬರಬಹುದಾದ ಆಕ್ಷೇಪಗಳನ್ನು ಸಹಾಧ್ಯಾಯಿಗಳಿಂದ ಮೊದಲೇ ಕೇಳಿಕೊಳ್ಳುತ್ತಾನೆ. ಸಭೆಯಲ್ಲಿ ಕೈಯಲ್ಲಿ ಓಲೆಯಿಲ್ಲ. ಪೂರ್ವಪಕ್ಷವನ್ನು ಎತ್ತುವಷ್ಟರಲ್ಲಿಯೇ ಹಿರಿಯರು ನಡುವೆ ತಡೆದು ಕೇಳುತ್ತಾರೆ. ಆಗ ಉತ್ತರಕ್ಕೆ ಮುಂಚೆ ಕೇಳಿದವರ ಮಾತನ್ನು ಅನುವಾದ ಮಾಡಬೇಕು. ಹಾಗೆ ಮಾಡಲಾರದೆ ಹೋಗುವುದು ಅನನುಭಾಷಣವೆಂಬ ಮತ್ತೊಂದು ನಿಗ್ರಹಸ್ಥಾನ. ಪ್ರಬಂಧವನ್ನು ಓದಿ ಮುಗಿಸಿ, ಕೊನೆಯ ಐದು ನಿಮಿಷದಲ್ಲಿ ಬಂದ ಪ್ರಶ್ನೆಗೆ ಬೇರಾವುದೋ ಉತ್ತರವನ್ನು ಹೇಳಿ ಕುಳಿತುಕೊಳ್ಳುವ ವಿದ್ಯಾರ್ಥಿಯು ಗೌತಮನ ಸಭೆಯಲ್ಲಾಗಿದ್ದರೆ ಆ ಉತ್ತರದವರೆಗೂ ಹೋಗುತ್ತಿರಲಿಲ್ಲ.