ಯಾರಿಗೆ ಬರೆಯುವುದು: ಶಿಕಾರಿಪುರ–ಸೊರಬ ಸೀಮೆಯ ಆತ್ಮನಿವೇದನೆಯಲ್ಲಿ ಸಂಬೋಧನೆ ಮತ್ತು ಶೈಲಿ

ದಿನಚರಿ ಬರೆಯಹೊರಟವರಿಗೆ ಹಿರಿಯರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಯಾರನ್ನೂ ಮನಸ್ಸಿಗೆ ತಂದುಕೊಳ್ಳದೆ ಬರೆಯಿರಿ, ಶೈಲಿ ತಾನಾಗಿ ಒಲಿಯುತ್ತದೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಹುಟ್ಟಿದ, ಅಥವಾ ಆ ದಾರಿಯಾಗಿ ಹಾದುಹೋದ ಕೆಲವು ಬರಹಗಳನ್ನು ಒಟ್ಟಿಗಿಟ್ಟು ಓದಿದರೆ ಈ ಮಾತು ಒಪ್ಪುವಂತಿಲ್ಲ. ಇಲ್ಲಿ ಯಾರಿಗೆ ಹೇಳಬೇಕೆಂಬುದು ನಿಶ್ಚಯವಾದ ಮೇಲೆಯೇ ಹೇಗೆ ಹೇಳಬೇಕೆಂಬುದು ಒದಗಿಬಂದಿದೆ.

ಮೊದಲು ಶಾಸನಗಳು. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಶಿಕಾರಿಪುರದ ಶಾಸನಗಳು 7ನೆಯ ಸಂಪುಟದಲ್ಲಿ (1902), ಸೊರಬದವು 8ನೆಯ ಸಂಪುಟದಲ್ಲಿ (1904) ಬಂದಿವೆ. ಇಷ್ಟು ದೊಡ್ಡ ರಾಶಿಯಲ್ಲಿ ವ್ಯಕ್ತಿಯೊಬ್ಬ ತನ್ನ ಬಗ್ಗೆ ತಾನೇ ಮಾತಾಡುವುದು ಅಪರೂಪ. ತಾಳಗುಂದದ ಸ್ತಂಭಶಾಸನವನ್ನು ರಚಿಸಿದ ಕುಬ್ಜ ಕದಂಬರ ವಂಶವನ್ನು ಹಾಡಿ ಮುಗಿಸಿದ ಮೇಲೆ, ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಹೇಳಿಕೊಳ್ಳುತ್ತಾನೆ. ಅಷ್ಟಕ್ಕೇ ಅವನ ಆತ್ಮಕಥನ ಮುಗಿಯಿತು.

ಬಂದಳಿಕೆಯ ಶಾಸನವೊಂದು ಇನ್ನೂ ಕುತೂಹಲಕರ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದ, 10ನೆಯ ಶತಮಾನದ ಆರಂಭದ ಬರಹ ಅದು. ನಾಗರಖಂಡ–70 ಎಂಬ ನಾಡಿನ ಅಧಿಕಾರಿ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಹುದ್ದೆ ಅವನ ಹೆಂಡತಿ ಜಕ್ಕಿಯಬ್ಬೆಗೆ ಬರುತ್ತದೆ. ಆಕೆ ಸಮರ್ಥವಾಗಿ ಆಳುತ್ತಾಳೆ. ಕಾಯಿಲೆ ಬಿದ್ದಾಗ ಸಂಸಾರ ಸಾಕೆನಿಸಿ, ಎಲ್ಲವನ್ನೂ ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಡುತ್ತಾಳೆ. ಒಂದು ಕಾದಂಬರಿಗೆ ಸಾಲುವಷ್ಟು ಬದುಕು ಇದು. ಆದರೆ ಅಲ್ಲಿ ಮಾತಾಡುವವರು ಬೇರೆಯವರು, ಕೇಳಬೇಕಾದವರು ಮುಂದಿನ ತಲೆಮಾರಿನವರು. ಆದ್ದರಿಂದ ಅವಳ ಗುಣ, ಕೀರ್ತಿ, ನಿಷ್ಠೆಗಳೆಲ್ಲ ಕಲ್ಲಿಗಿಳಿದಿವೆ. ಮಗಳನ್ನು ಎದುರಿಗೆ ಕೂರಿಸಿಕೊಂಡ ಆ ಹೊತ್ತಿನಲ್ಲಿ ಅವಳಿಗೆ ಏನೆನಿಸಿತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಸುಮಾರು ಎರಡೂವರೆ ಶತಮಾನಗಳ ತರುವಾಯ ಅದೇ ಸೀಮೆಯಲ್ಲಿ ಆ ಜಾಗ ತೆರೆದುಕೊಂಡಿತು. ಉಡುತಡಿಯ ಅಕ್ಕಮಹಾದೇವಿ, ಬಳ್ಳಿಗಾವೆಯ ಅಲ್ಲಮ, ಹಿರೇಜಂಬೂರಿನ ಸತ್ಯಕ್ಕ, ಮೂವರೂ ಇಂದಿನ ಶಿಕಾರಿಪುರ ತಾಲ್ಲೂಕಿನವರು. ಮೂವರದೂ ವಚನವೆಂಬ ಒಂದೇ ಪ್ರಕಾರ, ಶೈಲಿ ಮಾತ್ರ ಒಂದಕ್ಕೊಂದು ದೂರ. ಸ್ವಭಾವವೇ ಬೇರೆ ಎಂದು ಇದನ್ನು ಸುಲಭವಾಗಿ ತೀರ್ಮಾನಿಸಬಹುದು. ನನಗೆ ಕಾಣುವ ಕಾರಣ ವಚನದ ಕೊನೆಗೆ ಬರುವ ಅಂಕಿತದಲ್ಲಿದೆ. ಅಂಕಿತವನ್ನು ನಾವು ಬಹುಮಟ್ಟಿಗೆ ಕವಿಯ ಗುರುತುಚೀಟಿಯಂತೆ ಓದಿಬಿಟ್ಟಿದ್ದೇವೆ. ಅದು ನಿಜವಾಗಿ ಎದುರಿಗಿರುವವನ ಹೆಸರು.

ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ ಗಂಡ. ಗಂಡನೊಡನೆ ಆಡಬಹುದಾದ ಮುನಿಸು, ಬೇಡಿಕೆ, ಸವಾಲು ಎಲ್ಲವೂ ಅವಳಿಗೆ ಸಾಧ್ಯ. ಅವನು ಕಣ್ಣಿಗೆ ಬೀಳದಿದ್ದಾಗ ಗಿಳಿ ಕೋಗಿಲೆಗಳನ್ನು ನಿಲ್ಲಿಸಿ ವಿಚಾರಿಸುತ್ತಾಳೆ. ಅಲ್ಲಮನ ಗುಹೇಶ್ವರನಿಂದ ಏನೂ ಆಗಬೇಕಾಗಿಲ್ಲ. ಅವನು ಸಾಕ್ಷಿ; ಕೆಲವು ಕಡೆ ಸಾಕ್ಷಿಯೂ ಅಲ್ಲ, ಮಾತು ಹೋಗಿ ಕರಗುವ ಶೂನ್ಯ. ಅಂಥವನ ಮುಂದೆ ಅಳಲು ತೋಡಿಕೊಂಡು ಪ್ರಯೋಜನವೇನು? ಅಲ್ಲಮ ಒಗಟು ಹೇಳುತ್ತಾನೆ, ಬಿಡಿಸದೆ ಎದ್ದು ಹೋಗುತ್ತಾನೆ.

ನನ್ನ ವಾದಕ್ಕೆ ಎಲ್ಲರಿಗಿಂತ ಹತ್ತಿರದವಳು ಸತ್ಯಕ್ಕ. ಮನೆಮನೆಯ ಅಂಗಳ ಗುಡಿಸುವ ಕಾಯಕದವಳೆಂದು ಪರಂಪರೆ ಅವಳನ್ನು ನೆನೆಯುತ್ತದೆ. ಅವಳ ಅಂಕಿತ ಶಂಭುಜಕ್ಕೇಶ್ವರ. ಒಂದು ವಚನದಲ್ಲಿ ಅವಳು ಲಂಚವಂಚನೆಗೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನೋ ಬಟ್ಟೆಯೋ ಬಿದ್ದಿದ್ದರೂ ಎತ್ತುವುದಿಲ್ಲ ಎಂದು ದೇವರ ಮೇಲೆ ಆಣೆಯಿಡುತ್ತಾಳೆ. ಬೆಳಗಾಗುತ್ತಲೇ ಕಸಬರಿಗೆ ಹಿಡಿದು ಊರು ತಿರುಗುವವಳ ಕಾಲಿಗೆ ಬಿದ್ದ ವಸ್ತು ತೊಡರುವುದು ಸಹಜ. ಆಸೆ ದಿನಾ ಎದುರಾಗುವುದೂ ಸಹಜ. ಉಪಮೆ, ರೂಪಕಗಳ ಹಂಗಿಲ್ಲದ ಮಾತು ಇದು. ಆಣೆ ಕೇಳಿಸಿಕೊಳ್ಳುವವನ ಮುಂದೆ ಅಲಂಕಾರ ಮಾಡಿದರೆ ಆಣೆ ಸಡಿಲವಾಗುತ್ತದೆ. ಶೈಲಿ ಬರಿದಾಗಿರುವುದು ಬಡತನದಿಂದಲ್ಲ, ಸಂಬೋಧನೆಯ ಒತ್ತಡದಿಂದ.

ವಚನ ದಿನಚರಿಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ತೇದಿಯಿಲ್ಲ. ನಮಗೆ ಸಿಕ್ಕಿರುವ ಕ್ರಮವೂ ನುಡಿದವರದಲ್ಲ. 15ನೆಯ ಶತಮಾನದಲ್ಲಿ ಶೂನ್ಯಸಂಪಾದನಕಾರರು ವಚನಗಳನ್ನು ಸಂವಾದವಾಗಿ ಹೆಣೆದರು, ಬೇರೆ ಸಂಕಲನಕಾರರು ಷಟ್‌ಸ್ಥಲವೆಂಬ ಸಾಧನೆಯ ಆರು ಮೆಟ್ಟಿಲುಗಳಿಗೆ ಹೊಂದಿಸಿದರು. ಅಕ್ಕ ಯಾವ ಮಾತನ್ನು ಉಡುತಡಿಯಲ್ಲಿ ಆಡಿದಳು, ಯಾವುದನ್ನು ಕಲ್ಯಾಣದ ದಾರಿಯಲ್ಲಿ ಆಡಿದಳು ಎಂಬುದನ್ನು ಈಗ ಬೇರ್ಪಡಿಸಲಾಗದು. ತತ್ತ್ವದ ಮೆಟ್ಟಿಲುಗಳಿಗೆ ಒಬ್ಬಳ ದಿನಗಳನ್ನು ಜೋಡಿಸಿದ್ದು ಪಾಂಡಿತ್ಯಕ್ಕೆ ಲಾಭ, ಓದುಗರಿಗೆ ನಷ್ಟ ಎಂದೇ ನನ್ನ ಅಭಿಪ್ರಾಯ.

ತೇದಿಯುಳ್ಳ ದಿನಚರಿ ಈ ಸೀಮೆಗೆ ಬಂದದ್ದು ಹೊರಗಿನವನ ಕೈಯಲ್ಲಿ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800ರಲ್ಲಿ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ 1801ರ ಮಾರ್ಚಿನಲ್ಲಿ ಬನವಾಸಿ ದಾಟಿ ಸೊರಬದ ಚಂದ್ರಗುತ್ತಿಗೆ ಬಂದ. ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇಂದು ಇಷ್ಟು ಹರದಾರಿ ನಡೆದೆ, ಮಣ್ಣು ಹೀಗಿದೆ, ಬೆಳೆ ಇಂಥದ್ದು, ಕಂದಾಯ ಇಷ್ಟು: ಅವನ ಧಾಟಿ ಇದು. ದಣಿವು, ಭಯ, ಬೇಸರಗಳಿಗೆ ಅದರಲ್ಲಿ ಎಡೆ ಕಡಿಮೆ. ಈಸ್ಟ್ ಇಂಡಿಯಾ ಕಂಪನಿಗೆ ಬೇಕಾದದ್ದನ್ನು ಅವನು ಬರೆದ.

ಅದೇ ಕಾಲದ ಮೈಸೂರು ಸೀಮೆಯ ಲೆಕ್ಕದ ಪುಸ್ತಕವಾದ ಕಡತವನ್ನು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ 1810ರಲ್ಲಿ ಬಣ್ಣಿಸಿದ್ದಾನೆ. ಅಡಿಯಗಲದ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆ, ಎರಡೂ ಮಗ್ಗುಲಿಗೆ ಅಂಟು ಬೆರೆಸಿದ ಇದ್ದಿಲ ಪುಡಿಯ ಲೇಪ, ಕತ್ತರಿಸದೆ ಮಡಿಚಿದ ಪುಟಗಳು, ತುದಿಗಳಿಗೆ ಹಲಗೆ, ಬರೆಯಲು ಬಳಪ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಬಳಪದ ಅಕ್ಷರವನ್ನು ಒರೆಸಿ ಮತ್ತೆ ಬರೆಯಬಹುದು. ಸಾಲ ತೀರಿತೆಂದರೆ ಸಾಲು ಅಳಿಸಬಹುದು. ಮುಂದಿನ ಲೆಕ್ಕ ಬರೆಯುವವನಿಗಾಗಿ ಇರುವ ಈ ಪುಟದಲ್ಲಿ ಮಾತು ಬೆಳೆಸಲು ಯಾರಿಗೂ ಮನಸ್ಸು ಬಾರದು.

ಹೊಸಕಾಲದ ಸಾಕ್ಷಿ ನೆರೆಯ ತೀರ್ಥಹಳ್ಳಿಯದು. ಮೈಸೂರಿನ ವಿದ್ಯಾರ್ಥಿದೆಸೆಯಲ್ಲಿ ಕುವೆಂಪು ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆದರು. ಆಗಿನ ಅವರ ಕವಿತೆಯ ಆದರ್ಶಗಳೂ ಇಂಗ್ಲಿಷಿನವೇ. ಕನ್ನಡದಲ್ಲಿ ಬರೆಯಿರಿ ಎಂದು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೇಳಿದ್ದು ಆ ಕಾಲದಲ್ಲೇ. ಕವಿತೆ ಕನ್ನಡಕ್ಕೆ ಹೊರಳಿತು, ದಿನಚರಿ ಅಷ್ಟು ಬೇಗ ಹೊರಳಲಿಲ್ಲ. ಆ ಹಳೆಯ ಪುಟಗಳನ್ನು ಎದುರಿಗಿಟ್ಟುಕೊಂಡು ಅವರು ಆತ್ಮಕಥೆ ಬರೆದರು. 1980ರಲ್ಲಿ ಬಂದ 'ನೆನಪಿನ ದೋಣಿಯಲ್ಲಿ' ಕೃತಿಯಲ್ಲಿ ಆ ತರುಣ ಗುಟ್ಟಾಗಿ ಬರೆದುಕೊಂಡದ್ದನ್ನು ವೃದ್ಧ ಕವಿ ಕನ್ನಡದ ಓದುಗರಿಗೆ ವಿವರಿಸಿ ಹೇಳುತ್ತಾರೆ. ಎರಡು ಧಾಟಿಗಳ ಅಂತರಕ್ಕೆ ವಯಸ್ಸು ಎಷ್ಟು ಕಾರಣ, ಕೇಳುಗರು ಬದಲಾದದ್ದು ಎಷ್ಟು ಕಾರಣ ಎಂಬುದನ್ನು ಆ ಪುಟಗಳನ್ನೇ ಹಿಡಿದು ಸಾಲುಸಾಲಾಗಿ ಪರೀಕ್ಷಿಸಬಹುದು.