ಬಾಲ್ಯವಿವಾಹದ ಚರಿತ್ರೆಯಲ್ಲಿ ಹುಡುಗಿ ಎಲ್ಲಿ?



ಬಾಲ್ಯವಿವಾಹವೆಂದೊಡನೆ ನಿಮಗೆ ಪಠ್ಯಪುಸ್ತಕದ ಎರಡು ಇಸವಿಗಳು ನೆನಪಾಗಬಹುದು. ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದ್ದು 1891ರ ಕಾಯಿದೆ. ಮದುವೆಗೆ ಹುಡುಗಿಗೆ 14, ಹುಡುಗನಿಗೆ 18 ತುಂಬಿರಬೇಕೆಂದದ್ದು 1929ರ ಶಾರದಾ ಕಾಯಿದೆ. ಬಹುಕಾಲ ಚರಿತ್ರಕಾರರ ಗಮನವೂ ಈ ಕಾಯಿದೆಗಳ ಸುತ್ತಲೇ ಇತ್ತು. ಸುಧಾರಕರು ಏನೆಂದರು, ಸಂಪ್ರದಾಯಸ್ಥರು ಏನೆಂದರು, ಸರ್ಕಾರ ಯಾರ ಮಾತು ಕೇಳಿತು? ಮಾತನಾಡುವವರು ಬಹುಮಟ್ಟಿಗೆ ಗಂಡಸರೇ. ಮದುವೆಯಾದ ಹುಡುಗಿಯ ಸುದ್ದಿಯೇ ಇಲ್ಲ!

1990ರ ದಶಕದಲ್ಲಿ ಪ್ರಶ್ನೆ ಬದಲಾಯಿತು. ಸುಧೀರ್ ಚಂದ್ರ 1998ರಲ್ಲಿ ರುಖ್ಮಾಬಾಯಿಯ ಮೊಕದ್ದಮೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಹನ್ನೊಂದರ ವಯಸ್ಸಿನಲ್ಲಿ ಮದುವೆಯಾದ ಈಕೆ ಗಂಡನ ಮನೆಗೆ ಹೋಗಲೊಪ್ಪಲಿಲ್ಲ. ಗಂಡ ದಾದಾಜಿ 1884ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ದಾವೆ ಹೂಡಿದ. ಮರುವರ್ಷ ರುಖ್ಮಾಬಾಯಿ 'ಒಬ್ಬ ಹಿಂದೂ ಮಹಿಳೆ' ಎಂಬ ಹೆಸರಿನಲ್ಲಿ ಪತ್ರಿಕೆಗೆ ಬರೆದು, ಬಾಲ್ಯದ ಮದುವೆ ತನ್ನ ಓದನ್ನು ಹೇಗೆ ಕಸಿದುಕೊಂಡಿತೆಂದು ತಿಳಿಸಿದಳು. 1887ರಲ್ಲಿ ನ್ಯಾಯಾಲಯ, ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಸೆರೆ ಎಂದಿತು. ಸೆರೆಯೇ ಆಗಲಿ ಎಂದಳು! ಕೊನೆಗೆ ರಾಜಿಯಾಯಿತು. ಲಂಡನ್ನಿನಲ್ಲಿ ಓದಿ ಬಂದ ರುಖ್ಮಾಬಾಯಿ ಸೂರತ್, ರಾಜಕೋಟೆಗಳಲ್ಲಿ ವೈದ್ಯೆಯಾಗಿ ದುಡಿದರು. ಇಂಥ ದನಿ ದಾಖಲೆಗಳಲ್ಲಿ ಉಳಿಯುವುದು ಅಪರೂಪ. ಓದು ಬಲ್ಲವಳಾದ್ದರಿಂದ ಈಕೆಯದು ಉಳಿಯಿತು.

ನಮ್ಮ ಮೈಸೂರನ್ನೂ ಮರೆಯುವಂತಿಲ್ಲ. 1891ರ ಕಾಯಿದೆ ಮದುವೆಯನ್ನು ಮುಟ್ಟಿರಲಿಲ್ಲ. ಮೈಸೂರು ಸಂಸ್ಥಾನ ಮಾತ್ರ 1894ರಲ್ಲೇ ಎಂಟು ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದವನು ಹದಿನಾಲ್ಕು ತುಂಬದವಳನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಜಾನಕಿ ನಾಯರ್ ಇದನ್ನು ಪರಿಶೀಲಿಸಿ ಬರೆದಿದ್ದಾರೆ.

ಈಚಿನ ಸಂಶೋಧನೆ ಇನ್ನೂ ಬುಡಕ್ಕೆ ಕೈಹಾಕಿದೆ. ಕಾಯಿದೆಯೇನೋ ವಯಸ್ಸು ಹೇಳಿತು. ಹುಟ್ಟಿದ ದಿನವನ್ನೇ ಬರೆದಿಡದ ಮನೆಯಲ್ಲಿ ಆ ವಯಸ್ಸನ್ನು ತಿಳಿಯುವುದು ಹೇಗೆ? ಇಶಿತಾ ಪಾಂಡೆಯವರ 2020ರ ಗ್ರಂಥ ವಯಸ್ಸೆಂಬ ಈ ಅಳತೆಗೋಲನ್ನೇ ಪರೀಕ್ಷಿಸುತ್ತದೆ. ಅಂಕಿಅಂಶಗಳೂ ಸರಳವಲ್ಲ. ಶಾರದಾ ಕಾಯಿದೆ ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ಅದಕ್ಕೂ ಮೊದಲೇ ಮುಗಿಸಿಬಿಡೋಣವೆಂದು ಜನ ಅವಸರದಿಂದ ಮಕ್ಕಳ ಮದುವೆ ಮಾಡಿದರು. 1931ರ ಜನಗಣತಿಯಲ್ಲಿ ಮದುವೆಯಾದ ಮಕ್ಕಳ ಸಂಖ್ಯೆ ಏರಿತು. ತಡೆಯಲು ಬಂದ ಕಾಯಿದೆಯೇ ಲಗ್ನಗಳ ಸುಗ್ಗಿ ತಂದಿತ್ತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇಕಡ 23.3ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಈ ಲೆಕ್ಕವೂ ನಿಂತಿರುವುದು ಅವರು ನೆನಪಿನಿಂದ ಹೇಳಿದ ವಯಸ್ಸಿನ ಮೇಲೆ.